ಎಡಗಡೆಯ ಪೆಡಲು

ಪೆಡಲಿನ ಬೇರಿಂಗ್ ಗುಂಡುಗಳು ಸೀಮೆಎಣ್ಣೆಯ ಬಟ್ಟಲಿಗೆ ಒಂದೊಂದಾಗಿ ಬೀಳುತ್ತಿವೆ, ಟಿಕ್, ಟಿಕ್, ಕೆಲವು ಬೀಳದೆ ಕಪ್ಪು ಗ್ರೀಸಿಗೆ ಅಂಟಿ ಕೂತಿವೆ, ಸೈಕಲ್ ರಿಪೇರಿಯ ಖುದಾದಾದ್ ಉಸ್ತಾದ್ ಮೊಳೆಯ ತುದಿಯಿಂದ ಎಬ್ಬುತ್ತಾನೆ, ಏನಪ್ಪಾ ಯದುಲ್ಲಾ, ಬಲಗಡೆ ಪೆಡ್ಲೊಳಗೆ ಇಡೀ ಮರುಭೂಮೀನೇ ಸಾಕ್ಕೊಂಡಿದೀಯಲ್ಲ — ಸಾಕದೆ ಏನು ಮಾಡಲಿ, ಯಜ್ದ್‌ನ ಗಾಳಿಗೆ ಬಾಗಿಲು ಹಾಕಿದವರುಂಟೆ, ರಬ್ಬರಿನ ಸೀಲು ಬಿರಿದು ಎಷ್ಟು ಕಾಲವಾಯಿತೋ, ಆ ಕಿರ್ ಎನ್ನುವುದು ಯದುಲ್ಲಾನಿಗೆ ಮೊದಲು ಕೇಳಿಸಿದ್ದು ಕಿವಿಗಲ್ಲ, ಅಂಗಾಲಿಗೆ, ಇರುವ ಒಂದೇ ಅಂಗಾಲಿಗೆ, ಪಾದವನ್ನು ಪೆಡಲಿಗೆ ಪಟ್ಟಿಯಿಂದ ಬಿಗಿದು ಕೆಳಗೆ ತುಳಿದು ಅದೇ ಕಾಲಲ್ಲಿ ಮೇಲಕ್ಕೆಳೆದು, ತುಳಿದು, ಎಳೆದು, ಮಗ್ಗದ ಮನೆಗಳಿಗೆ ರೇಷ್ಮೆ ನೂಲು ಮುಟ್ಟಿಸುವ ಕಾಲು, ಸಂಜೆಯೊಳಗೆ ಈ ಮೂಟೆ ಮುಟ್ಟದಿದ್ದರೆ ನಾಳೆಯಿಂದ ಮೋಟರುಬೈಕಿನವನು ಬರುತ್ತಾನೆ ಎಂದಿದ್ದಾನೆ ನೂಲಿನ ಯಜಮಾನ, ಮುಖ ನೋಡದೆ ಎಂದಿದ್ದಾನೆ — ಉಸ್ತಾದ್ ಗುಂಡುಗಳನ್ನು ಒರೆಸಿ ಬೆಳಕಿಗೆ ಹಿಡಿದ, ಒಂದೊಂದರ ಮೈಮೇಲೂ ಸಿಡುಬಿನ ಕಲೆ, ಇವುಗಳ ಕಥೆ ಮುಗೀತು, ಹೊಸವು ಹಬ್ಬ ಕಳೆದ ಮೇಲೇ ಬರೋದು, ಎನ್ನುತ್ತ ಕೇಳದೆಯೇ ಎಡಗಡೆಯ ಪೆಡಲಿನ ಮುಚ್ಚಳ ತಿರುಗಿಸಿದ, ಒಳಗೆ ಜೇನಿನ ಬಣ್ಣದ ಗ್ರೀಸು, ಒಂದು ಕಣ ಮರಳಿಲ್ಲ.

ಇರುವುದೆಲ್ಲಿಂದ, ಪ್ರತಿ ವಸಂತಕ್ಕೂ ಯದುಲ್ಲಾ ತಾನೇ ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿ, ಸೀಲು ಕೂರಿಸುತ್ತಾನೆ, ಯಾರೂ ತುಳಿಯದ ಪೆಡಲಿಗೆ, ಸೈಕಲ್ ಓಡುವಾಗ ಅದು ಬರಿದೇ ಸುತ್ತುತ್ತದೆ, ಮುಖ ಮೇಲೆ ಮಾಡಿಕೊಂಡು — ಸುರಂಗದ ಕಾಲುವೆ ತೋಡಲು ಬಾವಿಗಿಳಿಯುವವರು ಬಿಳಿ ಬಟ್ಟೆಯನ್ನೇ ಉಡಬೇಕು, ಸತ್ತರೆ ಅದೇ ಕಫನ, ಹೆಣಕ್ಕೆ ಹೊದಿಸುವ ಬಟ್ಟೆ, ಯದುಲ್ಲಾನೂ ಹಾಗೇ ಉಟ್ಟು ಇಳಿಯುತ್ತಿದ್ದವನು, ಆ ದಿನ ದೀಪ ಒಮ್ಮೆ ಹೊಯ್ದಾಡಿತು, ಮಣ್ಣು ಕುಸಿಯಿತು, ಕಾಲು ಬಿಟ್ಬಿಡು ಯದುಲ್ಲಾ, ಜೀವ ಇಟ್ಕೋ, ಯಾರ ದನಿ ಅದು, ಗರಗಸ ಯಾರದು, ಅರ್ಧ ಕಫನದಲ್ಲಿ ಮೇಲೆ ಬಂದ, ಇನ್ನರ್ಧ ಕೆಳಗೇ ಎಡಗಾಲನ್ನು ಸುತ್ತಿಕೊಂಡು ಉಳಿಯಿತು, ಮರುವರ್ಷ ಅದೇ ಕಾಲುವೆಯಲ್ಲಿ ನೀರು ಹರಿದು ಬಂತು, ಊರು ಕುಡಿಯಿತು, ಅವನೂ ಚಹಾ ಕಾಸಿ ಕುಡಿದ, ಸಕ್ಕರೆಯ ತುಂಡು ಹಲ್ಲಿನಲ್ಲಿ ಕಚ್ಚಿಕೊಂಡು, ರುಚಿಯಾಗಿಯೇ ಇತ್ತು — ಪೆಡಲು ಬರಿದೇ ಸುತ್ತುತ್ತದೆ — ಉಸ್ತಾದ್ ನಗುತ್ತಿದ್ದಾನೆ, ನೋಡಪ್ಪಾ, ಈ ಗುಂಡುಗಳು ಮದುವಣಿಗನ ಹಲ್ಲಿನ ಹಾಗೆ ಹೊಳೀತಾವೆ, ಅಳತೇನೂ ಒಂದೇ, ಇವನ್ನೇ ಬಲಕ್ಕೆ ಹಾಕ್ತೀನಿ, ಚಹಾ ಆರೋದ್ರೊಳಗೆ ಎದ್ದು ಹೋಗು, ಈ ಕಡೆ ಪೆಡ್ಲು ತುಳಿಯೋರು ಯಾರಿದಾರೆ ಹೇಳು — ಯಾರೂ ಇಲ್ಲ, ನಿಜ, ಮೂಟೆ ಗೋಡೆಗೊರಗಿದೆ, ಊರುಗೋಲಿನಲ್ಲಿ ಹೊರಟರೆ ಮೊದಲ ಮಗ್ಗ ಸಿಗುವಷ್ಟರಲ್ಲಿ ಕತ್ತಲು, ನಿಜ, ಉಸ್ತಾದನ ಮೊಳೆ ಜೇನು ಬಣ್ಣದ ಗ್ರೀಸಿನೊಳಕ್ಕೆ ಇಳಿಯಲಿದೆ, ಪೆಡಲು ಬರಿದೇ, ಮುಖ ಮೇಲೆ ಮಾಡಿಕೊಂಡು,

ಬೇಡ ಉಸ್ತಾದ್, ಅಂದ ಯದುಲ್ಲಾ. ಅದರ ಮುಚ್ಚಳ ಹಾಕಿಬಿಡಿ.