ಉಜ್ಜಬಾರದ ಕಲೆ

ಬಕೆಟ್ಟಿನ ಅಂಚಿನಿಂದ ನೀರು ಒಂದೊಂದೇ ಹನಿಯಾಗಿ ಸಿಮೆಂಟು ನೆಲಕ್ಕೆ ಬೀಳುತ್ತಿತ್ತು, ಅದನ್ನೇ ನೋಡುತ್ತ ಕೂತರೆ ಯಾರೂ ಏನೂ ಕೇಳುವುದಿಲ್ಲ ಎಂದುಕೊಂಡಿದ್ದಳು, ಆದರೆ ಕೇಳಿದರು, ನೋಡಮ್ಮ, ಇದಾ ಅದಾ, ಹೂವಿನಂಗಡಿಯಾಕೆ ಎರಡು ಕೈಯಲ್ಲಿ ಎರಡು ಗುಲಾಬಿ ಹಿಡಿದು ನಿಂತಿದ್ದಾಳೆ, ಒಂದು ಬೆಣ್ಣೆಯ ಬಣ್ಣ, ಇನ್ನೊಂದೂ ಬೆಣ್ಣೆಯ ಬಣ್ಣವೇ, ಸ್ವಲ್ಪ ಹಳೇ ಬೆಣ್ಣೆ ಅಷ್ಟೇ, ಎರಡೂ ಒಂದೇ ಥರ ಇದೆ ಎಂದಳು, ಎಂದ ಮೇಲೆ ಅವಳಿಗೇ ನಗು ಬರಬೇಕಿತ್ತು, ಬರಲಿಲ್ಲ — ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಅವಳು ಕೇಳುವ ಪ್ರಶ್ನೆಯೇ ಇದು, ಗಿರಾಕಿಯ ಮೂಗಿನ ಮೇಲೆ ಆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, ಇದು ಸ್ಪಷ್ಟವಾ ಸಾರ್, ಇದು ಸ್ಪಷ್ಟವಾ, ಎರಡೂ ಒಂದೇ ಥರ ಕಾಣ್ತಿದೆ ಎಂದರೆ ಅಲ್ಲಿಗೆ ಪರೀಕ್ಷೆ ಮುಗಿಯಿತು, ನಂಬರು ಸಿಕ್ಕಿತು ಎಂದು ಅರ್ಥ, ಇಲ್ಲಿ ಮುಗಿಯುವುದಿಲ್ಲ, ಇಲ್ಲಿ ಇನ್ನೆರಡು ತರಲು ಆಕೆ ಒಳಗೆ ಹೋಗುತ್ತಾಳೆ, ತಂಪು ಕೋಣೆಯ ದಪ್ಪ ಬಾಗಿಲು ತೆರೆದಾಗ ಚಳಿ ಬಂದು ಕಾಲಿಗೆ ತಾಗುತ್ತದೆ, ತಾಗಿದೆ ಎಂದು ಗೊತ್ತಾಗುತ್ತದೆ, ಚಳಿಯಾಗುವುದಿಲ್ಲ, ಒಂದು ವರ್ಷದಿಂದ ಹೀಗೆಯೇ, ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೆಂದು ಬೆರಳಿಗೆ ಗೊತ್ತಾದರೂ ತುಟಿಗೆ ಗೊತ್ತಾಗದ ಹಾಗೆ.

ಗುಬ್ಬಿ, ಬಾಯಿ ಬಿಟ್ಟು ಹೇಳೇ, ಮದುವೆ ನಿಂದು, ಎಂದಳು ಪಕ್ಕದ ಸ್ಟೂಲಿನಲ್ಲಿ ಕೂತ ಅಮ್ಮ, ಗುಬ್ಬಿ ಎಂದು ಹೆಸರಿಟ್ಟವಳು ಅಕ್ಕ, ಈಗ ಮನೆಯವರೆಲ್ಲ ಹಾಗೇ ಕರೆಯುತ್ತಾರೆ, ಹೆಸರಿಟ್ಟವಳೊಬ್ಬಳು ಇಲ್ಲ, ಜ್ವರ ಎಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವಳು, ನಾಳೆ ಬಂದ್ಬಿಡ್ತೀನಿ, ಪಾಪೂ ಸಾಕ್ಸ್ ಒಗೆದು ಹಾಕಿರು ಎಂದವಳು, ಬರಲಿಲ್ಲ, ಸಾಕ್ಸು ಒಣಗಿತ್ತು, ಅಷ್ಟೇ — ಮದುವೆ ನಿಂದು ಎಂದರೆ ಹೌದು ತನ್ನದೇ, ಗಂಡು ಭಾವ. ಅವತ್ತು ನಡುಮನೆಯಲ್ಲಿ ಹಿರಿಯರೆಲ್ಲ ಕೂತು, ಮಗು ಮುಖ ನೋಡಿ ಹೇಳಬೇಕು, ಹೊರಗಿನವಳು ಬಂದ್ರೆ ಹೇಗೋ ಏನೋ, ಇವಳಾದ್ರೆ ಹೆತ್ತವಳಿಗಿಂತ ಹೆಚ್ಚು ಎಂದೆಲ್ಲ ಮಾತಾಡಿ, ಏನಮ್ಮ, ನೀನೇನಂತೀಯ ಎಂದು ಚಿಕ್ಕಪ್ಪ ಕೇಳಿದಾಗ ಪಾಪು ಅವಳ ತೊಡೆಯ ಮೇಲೆ ಆಗಷ್ಟೇ ಕಣ್ಣು ಮುಚ್ಚಿತ್ತು, ಒಂದು ಗಂಟೆ ತಟ್ಟಿದ ಮೇಲೆ ಬಂದ ನಿದ್ದೆ, ಮಾತಾಡಿದರೆ ಎದ್ದುಬಿಡುತ್ತದೆ ಎಂದು ಅವಳು ಸುಮ್ಮನಿದ್ದಳು, ಮೌನವೇ ಸಮ್ಮತಿ ಎಂದರು ಚಿಕ್ಕಪ್ಪ, ಎಲ್ಲರೂ ಕಾಫಿ ಕುಡಿದರು, ಮಗು ಎಚ್ಚರವಾಗಲಿಲ್ಲ. ಚಿಕ್ಕಮ್ಮ ಅನ್ನೋ ಮಾತು ಎರಡಕ್ಕೂ ಆಗುತ್ತೆ, ಹೊಸದಾಗಿ ಕಲಿಸೋ ಕಷ್ಟವೂ ಇಲ್ಲ ಎಂದು ಯಾರೋ ನಕ್ಕರು, ಭಾವ ತನ್ನ ಕಾಲ್ಬೆರಳು ನೋಡುತ್ತ ಕೂತಿದ್ದ, ಒಳ್ಳೆಯವನು ಭಾವ, ಬಾಯಲ್ಲಿ ಬೆರಳಿಟ್ಟರೂ ಕಚ್ಚುವವನಲ್ಲ, ಅವಳಿಗೆ ಸ್ಕೂಟರ್ ಕಲಿಸಿದವನು, ಬ್ರೇಕು ಬ್ರೇಕು ಎಂದು ಹಿಂದೆ ಓಡಿ ಬಂದು ತಾನೇ ಚರಂಡಿಗೆ ಬಿದ್ದವನು, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು — ಭಾವ ಎಂದು ಕರೆದ ಬಾಯಲ್ಲಿ ಇನ್ನೇನೆಂದು ಕರೆಯುವುದು, ಹೂವಿನ ಬಗ್ಗೆ ಅವನು ಹೇಳಿದ್ದು ಒಂದೇ ಮಾತು, ಲಿಲಿ ಬೇಡ.

ಲಿಲಿ ಬೇಡ, ಅದು ಅಕ್ಕನ ಮದುವೆಯ ಹೂವು, ಸೇವಂತಿಗೆ ಬೇಡ, ಅದು ಅಕ್ಕನನ್ನು ಮಣ್ಣಿಗೆ ಕಳಿಸಿದ ದಿನದ್ದು, ಕಾರಣ ಹೇಳದೆ, ಅವೆರಡು ಬಿಟ್ಟು ಉಳಿದದ್ದರಲ್ಲಿ ಯಾವುದಾದರೂ ಆಗಬಹುದು, ನಿಮ್ಮಿಷ್ಟ ಎಂದಳು, ಹೂವಿನಂಗಡಿಯಾಕೆಯ ಬೆರಳುಗಳೆಲ್ಲ ಮುಳ್ಳಿನ ಗೀರು, ಎರಡು ಬೆರಳಿಗೆ ಪಟ್ಟಿ, ಆ ಪಟ್ಟಿಯ ಬೆರಳಿನಿಂದಲೇ ಅಮ್ಮನನ್ನು ತೋರಿಸಿ, ಅಯ್ಯೋ, ಆವಾಗಿಂದ ಯೋಚಿಸ್ತಿದ್ದೀನಿ, ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲ, ದೊಡ್ಡ ಮಗಳ ಮದುವೆಗೂ ನಮ್ಮಲ್ಲೇ ಅಲ್ವಾ ಹೂವು, ಒಳಗೆ ಬಂದವರೇ ಲಿಲಿ ಬೇಕು ಅಂದ್ರು, ಮುಗೀತು, ಅಂಥ ಗಿರಾಕಿ ಎಲ್ಲಿ ಸಿಗ್ತಾರೆ, ಹೇಗಿದ್ದಾರಮ್ಮ ಈಗ. ಅಮ್ಮ ಚೀಲದ ಜಿಪ್ಪು ಎಳೆದಳು, ಮತ್ತೆ ಎಳೆದಳು, ಚೆನ್ನಾಗಿದ್ದಾಳೆ ಎಂದಳು. ಮದುವೆ ಕೆಲಸಕ್ಕೆ ಬಂದ ಜಾಗದಲ್ಲಿ ಸಾವಿನ ಮಾತು ಬಾಯಿಗೆ ಬರಲಿಲ್ಲವೋ, ಬಾಯಿಗೆ ಬಂದದ್ದನ್ನು ನುಂಗಿದಳೋ, ಚೆನ್ನಾಗಿದ್ದಾಳೆ, ಬಕೆಟ್ಟಿನ ಹನಿ ಬಿತ್ತು, ಇನ್ನೊಂದು ಬಿತ್ತು, ಮಕ್ಕಳಾ ಎಂದು ಆಕೆ ಕೇಳಿದರೆ ಒಂದು ಹೆಣ್ಣು, ಸ್ಕೂಲಿಗೆ ಹೋಗ್ತಾಳೆ ಎಂದಳು ಅಮ್ಮ, ಅದು ನಿಜವೇ, ಆಮೇಲೆ ಯಾರೂ ಕೇಳದಿದ್ದರೂ, ಸ್ವಲ್ಪ ದಪ್ಪ ಆಗಿದ್ದಾಳೆ, ವಾಕಿಂಗ್ ಹೋಗೇ ಅಂದ್ರೆ ಎಲ್ಲಿ ಕೇಳ್ತಾಳೆ, ಮೊದಲಿಂದ್ಲೂ ಮೊಂಡಿ ಎಂದಳು, ಅಮ್ಮನ ಮುಖಕ್ಕೆ ಬಣ್ಣ ಬಂದಿದೆ, ಒಂದು ವರ್ಷದಿಂದ ಇಷ್ಟು ಮಾತಾಡಿರಲಿಲ್ಲ, ಅಕ್ಕನ ಸುದ್ದಿ ಎತ್ತಿದರೆ ಎದ್ದು ಹೋಗಿ ನಲ್ಲಿ ತಿರುಗಿಸುವವಳು, ಈ ಅಂಗಡಿಯೊಳಗೆ ಅಕ್ಕ ಬದುಕಿದ್ದಾಳೆ, ಬಾಗಿಲ ಆಚೆ ಇಲ್ಲ, ಹಾಗಾದರೆ ಎದ್ದು ಹೋಗುವ ಅವಸರವೇನು, ಇನ್ನೆರಡು ಗುಲಾಬಿ ತರಲಿ, ಇನ್ನೆರಡು, ಎಲ್ಲವೂ ಒಂದೇ ಥರ ಇರಲಿ. ಮನೆಯ ಹೆಂಗಸರಿಗೆಲ್ಲ ಎದೆ ಮೇಲೆ ಪಿನ್ ಮಾಡೋ ಸಣ್ಣ ಹೂವು ಕಟ್ತೀನಲ್ಲ, ಅಕ್ಕಂಗೂ ಒಂದು ಸೇರಿಸ್ಲಾ ಎಂದು ಹೂವಿನಂಗಡಿಯಾಕೆ ಕೇಳಿದಳು, ಹ್ಞೂಂ ಸೇರಿಸಿ ಎಂದಳು ಅಮ್ಮ.

ಆ ಹೂವನ್ನು ಯಾರ ಎದೆಗೆ ಚುಚ್ಚುವುದು — ಗೋಡೆಯ ಪಟಕ್ಕೆ ಪಿನ್ನು ಹೋಗುವುದಿಲ್ಲ, ಗಾಜು. ಹೂವಿನಂಗಡಿಯಾಕೆ ಈಗ ಯಾರದೋ ಮದುವೆಯ ಲಿಲಿಗಳನ್ನು ಮೇಜಿನ ಮೇಲೆ ಹರಡಿಕೊಂಡು, ಮಾತಾಡುತ್ತಲೇ, ಅರೆಬಿರಿದ ಒಂದೊಂದು ಹೂವಿನೊಳಗೆ ಬೆರಳು ಹಾಕಿ ಕೇಸರದ ತುದಿಗಳನ್ನು ಚಿವುಟಿ ತೆಗೆಯುತ್ತಿದ್ದಾಳೆ, ಚಿವುಟಿ ಡಬ್ಬಿಗೆ, ಚಿವುಟಿ ಡಬ್ಬಿಗೆ, ಬೆರಳ ತುದಿಯೆಲ್ಲ ಕಿತ್ತಳೆ, ಈ ಪುಡಿ ತೆಗೀದೆ ಬಿಟ್ರೆ ಮದುಮಗಳ ಬಟ್ಟೆ ಕತೆ ಮುಗೀತು ಎನ್ನುತ್ತಾಳೆ, ಗೊತ್ತು, ಅಕ್ಕನ ಹೂಗೊಂಚಲಿನಲ್ಲಿ ಒಂದು ಲಿಲಿ ಹಾಗೇ ಉಳಿದುಬಿಟ್ಟಿತ್ತು, ಫೋಟೋಕ್ಕೆ ನಿಲ್ಲುವಾಗ ಗುಬ್ಬಿ, ಬಾರೇ ಇಲ್ಲಿ ಎಂದು ಅಕ್ಕ ತಬ್ಬಿಕೊಂಡಳು, ಬಿಟ್ಟಾಗ ಅವಳ ಹೊಸ ಅಂಗಿಯ ತೋಳಿನ ಮೇಲೆ ಕಿತ್ತಳೆ ಪುಡಿ, ಅವಳು ಅಳುಮುಖ ಮಾಡಿ ಉಜ್ಜಲು ಕೈ ಎತ್ತಿದಳು, ಅಕ್ಕ ಆ ಕೈ ಹಿಡಿದಳು, ಉಜ್ಜಬೇಡ್ವೇ, ಉಜ್ಜಿದ್ರೆ ಜನ್ಮಕ್ಕೂ ಹೋಗಲ್ಲ, ನೀರೂ ಹಾಕ್ಬೇಡ, ತಡಿ ಎಂದು ಉಡುಗೊರೆ ಸುತ್ತುವವರ ಹತ್ತಿರ ಟೇಪು ಇಸಿದುಕೊಂಡು, ಮದುಮಗಳು, ಎಲ್ಲರೂ ಕಾಯುತ್ತಿದ್ದಾರೆ, ಕ್ಯಾಮೆರಾದವನು ಮೇಡಂ ಮೇಡಂ ಎನ್ನುತ್ತಿದ್ದಾನೆ, ಮಂಡಿಯೂರಿ ಕೂತು ಟೇಪನ್ನು ಮೆಲ್ಲಗೆ ಅಂಟಿಸಿ ಮೆಲ್ಲಗೆ ಎತ್ತಿದಳು, ನೋಡು, ಬಂತು, ಟೇಪಿನ ಮೇಲೆ ಕಿತ್ತಳೆ, ತೋಳು ಬೆಳ್ಳಗೆ, ಭಾವ ಆ ಕಡೆ ನಿಂತು ನೋಡುತ್ತಿದ್ದ, ಅಕ್ಕನನ್ನೇ ನೋಡುತ್ತಿದ್ದ, ಹಾಗೆ ನೋಡಿದ ಮನುಷ್ಯ ಈಗ ತನ್ನನ್ನು ಹೇಗೆ ನೋಡುತ್ತಾನೆ, ನೋಡದಿದ್ದರೆ ಹೇಗೆ, ನೋಡಿದರೆ ಹೇಗೆ, ಎರಡೂ ಒಂದೇ ಥರ, ಅಲ್ಲ, ಇದು ಒಂದೇ ಥರ ಅಲ್ಲ. ನೀವು ಸಣ್ಣಗಿದ್ದೀರಿ, ಅಕ್ಕನಷ್ಟು ದೊಡ್ಡ ಗೊಂಚಲು ಬೇಡ, ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು, ಅಳತೆಗೆ ಒಂದ್ಸಲ ಇದನ್ನ ಹಿಡ್ಕೊಳ್ಳಿ ಎಂದು ಆಕೆ ಮೇಜಿನ ಮೇಲಿನ ಲಿಲಿಗಳನ್ನೇ ಒಟ್ಟುಮಾಡಿ ಕೈಗೆ ಕೊಟ್ಟಳು, ಅಷ್ಟು ಮೇಲಕ್ಕಲ್ಲ, ಎದೆಗೆ ಅವಚಿಕೊಳ್ತಾರೆ ಎಲ್ಲಾ ಹುಡುಗಿಯರೂ, ಹೆದರಿಕೆಗೆ, ಕೆಳಗೆ ಹಿಡೀರಿ, ಹ್ಞಾಂ, ತಣ್ಣನೆಯ ದಂಟುಗಳು, ಒದ್ದೆ, ತಣ್ಣಗಿವೆ ಎಂದು ಕೈಗೇ ಗೊತ್ತಾಯಿತು, ಕೈಗೇ, ಆಗ ನೋಡಿದರೆ ಅಂಗಿಯ ತೋಳಿನ ಮೇಲೆ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ, ಚಿವುಟಲು ಮರೆತ ಒಂದು ಹೂವಿನದು, ಕಿತ್ತಳೆ ಪುಡಿ.

ಅಯ್ಯೋ ಕಲೆ ಎಂದಳು ಅಮ್ಮ, ಕರವಸ್ತ್ರವನ್ನು ಬಕೆಟ್ಟಿಗೇ ಅದ್ದಿದಳು, ಹೂವಿನಂಗಡಿಯಾಕೆ ಸೊಂಟಕ್ಕೆ ಕೈಯಿಟ್ಟು, ಬೇಜಾರು ಮಾಡ್ಕೋಬೇಡಿ, ಲಿಲಿ ಬೇಡ ಅಂದ್ರಿ, ಸೇವಂತಿಗೆ ಬೇಡ ಅಂದ್ರಿ, ಗುಲಾಬಿ ಎಲ್ಲಾ ಒಂದೇ ಅಂದ್ರಿ, ಒಂದ್ಕೆಲ್ಸ ಮಾಡಿ, ಅಕ್ಕಂಗೆ ಫೋನ್ ಹಾಕಿ, ಒಂದ್ನಿಮಿಷದಲ್ಲಿ ಹೇಳಿಬಿಡ್ತಾರೆ, ಇಲ್ಲ ಅಂದ್ರೆ ನೀವೇ ಹೇಳಿ, ಬೇಡದ್ದು ಹಾಗಿರಲಿ, ನಿಮಗೆ ಬೇಕು ಅನ್ನೋದು ಏನು, ಅಮ್ಮನ ಒದ್ದೆ ಕರವಸ್ತ್ರ ಹತ್ತಿರ ಬರುತ್ತಿದೆ, ನೀರು ಸುರಿಯುತ್ತಿದೆ, ಬೇಕು ಅನ್ನೋದು ಏನು, ನಡುಮನೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ, ಉಜ್ಜಬೇಡಮ್ಮ ಎಂದಳು, ಕೈ ಹಿಂದಕ್ಕೆಳೆದುಕೊಂಡಳು, ಯಾರದೋ ಧ್ವನಿಯಂತೆ ಕೇಳಿಸಿತು, ತನ್ನದೇ, ನಂಗೆ ಅಕ್ಕ ಬೇಕು. ಭಾವ ಬೇಡ. ಅಕ್ಕ ಬೇಕು. ಹೂವಿನಂಗಡಿಯಾಕೆ ನಕ್ಕಳು, ಅದಕ್ಕೇನಂತೆ, ನಾಳೆ ಅಕ್ಕನ್ನೂ ಕರ್ಕೊಂಡ್ — ಅಮ್ಮನ ಮುಖ ನೋಡಿದಳು, ನಿಲ್ಲಿಸಿದಳು. ಬರಲ್ಲಮ್ಮ ಅವಳು, ಎಂದಳು ಅಮ್ಮ, ಹೋಗಿ ವರ್ಷ ಆಯ್ತು. ಅಂಗಡಿಯೊಳಗೂ ಅಕ್ಕ ಸತ್ತಳು. ಈಗ ನೋವಾಯಿತು, ಇಂಜೆಕ್ಷನ್ ಇಳಿದ ಮೇಲೆ ಬರುವ ಹಾಗೆ, ಮೊದಲು ಒಂದೇ ಕಡೆ, ಸಣ್ಣಗೆ. ಅಮ್ಮ ಕರವಸ್ತ್ರವನ್ನು ಹಿಂಡದೆಯೇ ಮುಷ್ಟಿಯಲ್ಲಿ ಹಿಡಿದಿದ್ದಳು, ಈ ಮದುವೆ ಹೂವು ಯಾವುದೂ ಬೇಡ ಬಿಡಿ ಎಂದಳು, ಟೇಪಿದ್ರೆ ಒಂಚೂರು ಕೊಡಿ. ಆಕೆ ಟೇಪು ಹುಡುಕುತ್ತಿದ್ದಾಳೆ, ಮೇಜಿನ ಕೆಳಗೆ, ಡಬ್ಬಿಗಳ ಹಿಂದೆ, ಸಿಗಲಿ, ಸಿಗದಿರಲಿ, ತೋಳನ್ನು ಅಲುಗಿಸದೆ ಹಿಡಿದಿದ್ದಾಳೆ ಅವಳು, ಬಕೆಟ್ಟಿನ ಹನಿ, ತೋಳಿನ ಮೇಲೆ ಕಿತ್ತಳೆ ಪುಡಿ, ಉಜ್ಜಬೇಡ್ವೇ, ಕಿತ್ತಳೆ ಪುಡಿ, ತಡಿ, ಕಿತ್ತಳೆ