ಎತ್ತಿ ಎಸೆಯುವಂಥದ್ದು

ಬೀರುವಿನ ಬಾಗಿಲನ್ನು ಮಗಳು ಎಳೆದ ರಭಸಕ್ಕೆ ಹಿಡಿ ಕಿತ್ತು ಕೈಗೇ ಬಂತು. ಒಳಗೆ ಎರಡು ಜೊತೆ ಬಟ್ಟೆ, ಮಡಚಿಟ್ಟ ಒಂದು ಚೀಲ. ಅಷ್ಟೆ. ತೀರಿಕೊಂಡ ಅಮ್ಮನ ಮೈಮೇಲೆ ಹೊದಿಸಲು ಒಂದು ಒಳ್ಳೆಯ ಹೊದಿಕೆಗಾಗಿ ಅವಳು ಬೆಳಗಿನಿಂದ ಮನೆಯೆಲ್ಲ ಜಾಲಾಡಿದ್ದಳು.

"ಬಂದೋರಿಗೆ ನೀರು ಕೊಡೋಕೆ ಎರಡೇ ಎರಡು ಪ್ಲಾಸ್ಟಿಕ್ ಲೋಟ, ಚಿಕ್ಕಮ್ಮ. ಇದೂ ಒಂದು ಮನೆಯಾ?"

"ಮೆಲ್ಲಗೆ ಮಾತಾಡೇ. ಲೋಟ ಪಕ್ಕದ ಮನೆಯಿಂದ ತರಿಸಿದೀನಿ. ಹೊದಿಕೆ ನಮ್ಮನೇದು ತಂದಿದೀನಿ."

"ಲಾಡ್ಜ್ ರೂಮಲ್ಲಾದ್ರೂ ಗೋಡೆಗೊಂದು ಕನ್ನಡಿ ಇರುತ್ತೆ."

ಚಿಕ್ಕಮ್ಮ ತಂದ ಹೊದಿಕೆಯ ಮಡಿಕೆ ಬಿಡಿಸತೊಡಗಿದಳು.

ಗಾರ್ಮೆಂಟ್ಸ್ ಕಾರ್ಖಾನೆಗಳ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಊರೂರು ಸುತ್ತಿದವಳು ಅಮ್ಮ. ಸತ್ತದ್ದೂ ಬಸ್ಸಿನಲ್ಲೇ, ಕಿಟಕಿಗೆ ತಲೆ ಆನಿಸಿಕೊಂಡು. ನಿದ್ದೆ ಅಂದುಕೊಂಡು ಕಂಡಕ್ಟರ್ ಭುಜ ಅಲುಗಿಸಿದನಂತೆ. ಕಾರ್ಖಾನೆಯಿಂದ ಬಂದ ಹೆಂಗಸರು, "ಒಂದೇ ಚೀಲದಲ್ಲಿ ಸಂಸಾರ ಮಾಡಿದ ಪುಣ್ಯಾತ್ಗಿತ್ತಿ" ಎಂದು ಹೊಗಳುತ್ತಿದ್ದರೆ ಮಗಳಿಗೆ ಮೈ ಉರಿಯುತ್ತಿತ್ತು. ಬೆಳಿಗ್ಗೆ ಅಮ್ಮನ ತಲೆ ಬಾಚುವಾಗ ಕಿವಿಯ ಹಿಂದೆ ಅವಳ ಬೆರಳು ಒಂದು ತಗ್ಗಿಗೆ ಇಳಿದಿತ್ತು. ಯಾವುದೋ ಯಂತ್ರ ತಾಗಿದ್ದಿರಬೇಕು ಎಂದುಕೊಂಡು ಕೂದಲು ಮುಚ್ಚಿದ್ದಳು.

*

ಚಿಕ್ಕವಳಿದ್ದಾಗ, ಅಮ್ಮ ಊರೂರು ಸುತ್ತುವಾಗೆಲ್ಲ ಮಗಳು ಚಿಕ್ಕಮ್ಮನ ಮನೆಯಲ್ಲಿ. ಎಲ್ಲೋ ಇದ್ದ ಅಪ್ಪ ಆಗೊಮ್ಮೆ ಈಗೊಮ್ಮೆ ಬಂದಾಗಲೂ ಅಮ್ಮ ಅವಳನ್ನು ಚಿಕ್ಕಮ್ಮನ ಮನೆಗೇ ಕಳಿಸುತ್ತಿದ್ದಳು; ಬಾಗಿಲು ದಾಟುವಾಗ ಅವನ ಅಗಲ ಭುಜವಷ್ಟೇ ಕಾಣುತ್ತಿತ್ತು. ಒಂದು ಸಲ ಶಾಲೆಯ ಓಟದ ಪಂದ್ಯದಲ್ಲಿ ಗೆದ್ದು ಗಾಜಿನ ಗುಂಡೊಂದನ್ನು ತಂದಿದ್ದಳು. ಮುಷ್ಟಿ ಗಾತ್ರದ್ದು, ಒಳಗೆ ನೀಲಿ ಹೂವು. ಅಮ್ಮ ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. ಮುಖ ಬಿಳಿಚಿಕೊಂಡಿತು.

"ಇದು ಮನೇಲಿ ಬೇಡ."

"ನಾನು ಗೆದ್ದಿದ್ದು!"

"ತಿರುಗಾಡೋ ಜನ ನಾವು. ಬೇಡದ್ದೆಲ್ಲ ಹೊರೋಕಾಗಲ್ಲ."

ಅವಳು ಅಮ್ಮನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿದಳು. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ರಕ್ತ ಸುರಿಯುತ್ತಿದ್ದ ಕೈಯಲ್ಲೇ ಗುಂಡು ಹಿಡಿದು ಹೊರಗೆ ನಡೆದಳು, ಖಾಲಿ ಕೈಯಲ್ಲಿ ವಾಪಸಾದಳು. ಅಂದಿನಿಂದ ತಾಯಿ ಮಗಳ ನಡುವೆ ಮಾತು ಅಷ್ಟಕ್ಕಷ್ಟೆ.

*

"ದಾರಿ ಬಿಡಿ. ಅವಳ ಗಂಡ ನಾನು."

ಬಾಗಿಲಲ್ಲಿ ನಿಂತ ಮುದುಕನನ್ನು ಮಗಳು ಭುಜದಿಂದ ಗುರುತಿಸಿದಳು. ಮುಖ ಕುಗ್ಗಿತ್ತು, ಭುಜ ಕುಗ್ಗಿರಲಿಲ್ಲ. ಕುಡಿದಿದ್ದ.

ಚಿಕ್ಕಮ್ಮ ಅಡ್ಡ ಬಂದಳು. "ಅಲ್ಲೇ ನಿಲ್ಲು, ಭಾವ."

"ಮೊದಲ ಹಿಡಿ ಮಣ್ಣು ಹಾಕೋನು ನಾನು. ನೀನ್ಯಾವಳೇ ಕೇಳೋಕೆ?"

"ಅವಳು ಬದುಕಿದ್ದಾಗ ಹಾಕಿದ ಮಣ್ಣು ಸಾಲದಾ?"

ಅವನ ಕತ್ತಿನ ನರ ಉಬ್ಬಿತು. ಬಲಗೈ ತನ್ನಷ್ಟಕ್ಕೆ ಪಕ್ಕಕ್ಕೆ ಚಾಚಿತು. ಕಿಟಕಿಯ ಕಟ್ಟೆ ತಡವಿತು, ಗೋಡೆಯ ಹಲಗೆ ತಡವಿತು, ಮೂಲೆ ತಡವಿತು. ಎಲ್ಲೂ ಏನೂ ಸಿಗಲಿಲ್ಲ. ಗಾಳಿಯಲ್ಲಿ ಬೆರಳು ತೆರೆದು ಮುಚ್ಚಿದವು.

ಚಿಕ್ಕಮ್ಮ ನಕ್ಕಳು. ಹೆಣವಿದ್ದ ಮನೆಯಲ್ಲಿ ಯಾರೂ ನಗಬಾರದಂಥ ನಗು.

"ಹುಡುಕು, ಚೆನ್ನಾಗಿ ಹುಡುಕು! ನಿನ್ನ ಕೈಗೆ ಸಿಗೋ ಹಾಗೆ ನಮ್ಮಕ್ಕ ಏನೂ ಇಟ್ಟಿಲ್ಲ. ಸ್ಪಾನರ್ ಚೀಲವನ್ನೂ ಪಕ್ಕದ ಮನೇಲೇ ಬಿಟ್ಟು ಒಳಗೆ ಬರ್ತಿದ್ಲು." ಅವಳು ಮಗಳ ಕಡೆ ತಿರುಗಿದಳು. "ತಲೆ ಬಾಚಿದೆಯಲ್ಲ, ಕಿವಿ ಹಿಂದೆ ಕೈ ಹೋಯ್ತಾ? ಇಸ್ತ್ರಿಪೆಟ್ಟಿಗೆ. ನೀನು ಆಗ ಹೊಟ್ಟೇಲಿದ್ದೆ. ಆಮೇಲೆ ಗಡಿಯಾರ, ಕುರ್ಚಿ, ಸ್ಟವ್. ಇವನು ಒಂದೊಂದು ಎಸೆದ ಹಾಗೆ ಅವಳು ಒಂದೊಂದು ಆಚೆ ಹಾಕಿದ್ಲು."

"ನಂಗ್ಯಾಕೆ ಹೇಳ್ಲಿಲ್ಲ?" ಮಗಳು ಅವನತ್ತ ಕೈ ತೋರಿದಳು. "ಇವನು ಬಿಟ್ಟು ಹೋಗಿ ಎಷ್ಟು ಕಾಲ ಆಯ್ತು! ಆಮೇಲಾದ್ರೂ ಒಂದು ಸಾಮಾನು ತರಬಹುದಿತ್ತಲ್ಲ?"

"ಯಾವತ್ತು ಬಂದು ಬಾಗಿಲು ತಟ್ತಾನೋ ಅಂತ ಕಾಯ್ತಾನೇ ಇದ್ಲು ಕಣೆ."

ಖಾಲಿ ಕೈಯೇ ಸಾಕೆನ್ನುವಂತೆ ಅವನು ಬೀಸಿದ. ಚಿಕ್ಕಮ್ಮನ ತುಟಿ ಒಡೆಯಿತು. ಅವಳು ಗೋಡೆಗೆ ಬಡಿದು ಕುಸಿದಳು.

ಮಗಳು ನೇರ ಹೋಗಿ ಅವನ ಮುಖಕ್ಕೆ ಗುದ್ದಿದಳು. ಮೂಗಿನ ಮೂಳೆ ಲಟಕ್ಕೆಂದಿತು. ಬಿದ್ದವನ ಎದೆಯ ಮೇಲೆ ಮೊಣಕಾಲೂರಿ ಮತ್ತೆ ಗುದ್ದಿದಳು, ಹಲ್ಲಿಗೆ, ದವಡೆಗೆ, ಕಿವಿಯ ಹಿಂದೆ. ಕಿವಿಯ ಹಿಂದಕ್ಕೇ ಮತ್ತೆ ಮತ್ತೆ. ಹೆಣ ಹೊರಲು ಬಂದಿದ್ದ ಗಂಡಸರು ಓಡಿ ಬಂದು ಅವಳನ್ನು ಎಳೆದರು. ತನ್ನ ಬಾಯಿಂದ ಬರುತ್ತಿದ್ದ ಸದ್ದು ಅವಳಿಗೆ ಆಗಷ್ಟೇ ಕೇಳಿಸಿತು.

ಅವನನ್ನು ಬೀದಿಯ ಮೆಟ್ಟಿಲ ಮೇಲೆ ಕೂರಿಸಿದರು. ರಕ್ತ ಉಗುಳುತ್ತ, "ನನ್ನ ಮಗಳೇ" ಎಂದ. ಅದು ಬೈಗುಳವೋ ಹೆಮ್ಮೆಯೋ ಯಾರಿಗೂ ತಿಳಿಯಲಿಲ್ಲ. ಅಮ್ಮನನ್ನು ಹೊತ್ತವರು ಅವನನ್ನು ಬಳಸಿಕೊಂಡು ಇಳಿದರು.

ಗುಂಡಿಯ ಅಂಚಿನಲ್ಲಿ ಯಾರೋ, "ಮಗಳೇ ಮೊದಲು ಹಾಕ್ಲಿ" ಎಂದರು. ಅವಳು ಬಗ್ಗಿ ಮಣ್ಣು ತೆಗೆದುಕೊಂಡಳು. ಗೆಣ್ಣು ಊದಿ ಬೆರಳು ಮಡಚಲಿಲ್ಲ. ಮಣ್ಣು ಸಂದಿನಿಂದ ಜಾರಿ ಅವಳ ಕಾಲ ಮೇಲೇ ಸುರಿಯಿತು. ಇನ್ನೊಮ್ಮೆ ತೆಗೆದುಕೊಂಡಳು, ಅದೂ ಜಾರಿತು. ಒಡೆದ ತುಟಿಗೆ ಸೆರಗು ಒತ್ತಿಕೊಂಡಿದ್ದ ಚಿಕ್ಕಮ್ಮ ಸೆರಗು ಬಿಟ್ಟು ಪಕ್ಕದಲ್ಲಿ ಕೂತಳು. ಆ ಕೈಯ ಕೆಳಗೆ ತನ್ನ ಅಂಗೈ ಕೊಟ್ಟಳು.