ಸರ್ವಸಾಂಬಾರದ ಎಣ್ಣೆ

ಬೊಮ್ಮಸಂದ್ರದ ಬಸ್‌ಸ್ಟಾಪಿನ ಗೋಡೆಯ ಮೇಲೆ ಗಂಡನ ಫೋಟೊ ಕಂಡು ಸಿದ್ದಕ್ಕನ ಎದೆ ಧಸಕ್ಕೆಂದಿತು. ಸತ್ತವರ ಫೋಟೊ ತಾನೇ ಹೀಗೆ ಗೋಡೆಗೆ ಅಂಟಿಸುವುದು! ಹತ್ತಿರ ಹೋಗಿ ನೋಡಿದರೆ ಭರಮಪ್ಪ ಹಲ್ಲು ಬಿಟ್ಟು ನಗುತ್ತಿದ್ದ. ಕೈಯಲ್ಲೊಂದು ಪುಟ್ಟ ಕಂದು ಸೀಸೆ. ಕೆಳಗೆ ದಪ್ಪ ಅಕ್ಷರಗಳು: 'ಇಂಗ್ಲಿಷ್ ಮಾತ್ರೆ ಬಿಟ್ಟೆ, ಹೊಸ ಜೀವ ಪಡೆದೆ! ಸರ್ವಸಾಂಬಾರ ಎಣ್ಣೆಯ ಪವಾಡ. ಭಾನುವಾರದ ಸಭೆಗೆ ಬನ್ನಿ.'

ಹೊಸ ಜೀವ ಪಡೆದವನು ಆ ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲಿದ್ದ. ಒಸಡಿನಿಂದ ಸೋರುವ ರಕ್ತ ನಿಂತಿರಲಿಲ್ಲ. ಮೈತುಂಬ ನೀಲಿಗಟ್ಟಿತ್ತು. ಸಿದ್ದಕ್ಕ ಅವನಿಗೇ ಗಂಜಿ ಹಿಡಿದುಕೊಂಡು ಹೊರಟಿದ್ದಳು.

ಯಾದಗಿರಿ ಕಡೆಯಿಂದ ಬಂದ ಗಂಡ ಹೆಂಡತಿ ಅವರು. ಅವಳು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಅವನು ಗಾರೆ ಕೆಲಸದವನು. ಹೃದಯದ ಕವಾಟ ಬದಲಾಯಿಸಿದ ಮೇಲೆ ಒಂದು ಫ್ಯಾಕ್ಟರಿಯ ಗೇಟು ಕಾಯುತ್ತಿದ್ದ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೊಂದನ್ನು ಬದುಕಿರುವವರೆಗೂ ನುಂಗಬೇಕೆಂದು ಡಾಕ್ಟರು ಹೇಳಿದ್ದರು. ಭರಮಪ್ಪ ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ.

ಅವರು ಬಾಡಿಗೆಗಿದ್ದ ವಠಾರದ ಒಡತಿ ಅಶ್ವತ್ಥಮ್ಮ. ಅಂಗಳದಲ್ಲಿ ಆಕೆಯೇ ಬೆಳೆಸಿದ ಸರ್ವಸಾಂಬಾರದ ಮರವಿತ್ತು. ಎಲೆ ಮುರಿದರೆ ಲವಂಗ, ಚಕ್ಕೆ, ಜಾಯಿಕಾಯಿ ಎಲ್ಲ ಒಟ್ಟಿಗೆ ಘಮ್ಮೆನ್ನುವುದು. ಪಲಾವಿಗೆ ಒಂದೆಲೆ, ಹೊಟ್ಟೆ ಭಾರವಾದಾಗ ಕುದಿಸಿದ ನೀರಿಗೆ ಒಂದೆಲೆ. ಬಾಡಿಗೆಯವರಿಗೂ ಕಿತ್ತು ಕೊಡುತ್ತಿದ್ದಳು. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಆಗಿದ್ದು ಆಕೆಯ ಮಗ ವಸಂತನಿಂದ. ಊರೂರಲ್ಲಿ ಸಭೆ ಮಾಡಿ ಸೀಸೆ ಮಾರುವ ಯಾವುದೋ ಕಂಪನಿಗೆ ಸೇರಿ ಅವನು ಟೈ ಕಟ್ಟತೊಡಗಿದ್ದ. ಭರಮಪ್ಪ ಗ್ಯಾಸು, ಮಂಡಿನೋವು ಅಂದದ್ದೇ ತಡ, ಸೀಸೆ ತಂದುಕೊಟ್ಟ.

"ನಮ್ಮಮ್ಮ ಕೊಡೋ ಎಲೆದೇ ಎಣ್ಣೆ ಕಣಣ್ಣ. ಬೆಳಿಗ್ಗೆ ಸಂಜೆ ಬಿಸಿನೀರಿಗೆ ಬಿಟ್ಕೊಂಡು ಕುಡಿ. ಗಿಡಮೂಲಿಕೆ, ಸೈಡ್ ಎಫೆಕ್ಟ್ ಅನ್ನೋ ಮಾತೇ ಇಲ್ಲ," ಎಂದು ನಗಿಸಿ ಒಂದು ಫೋಟೊ ಹೊಡೆದುಕೊಂಡಿದ್ದ.

ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರ್ ಶಾಂಭವಿ, "ಮಾತ್ರೆ ಜೊತೆಗೆ ಬೇರೇನು ತಗೋತಿದ್ರಿ?" ಎಂದು ಕೇಳಿದಾಗ ಭರಮಪ್ಪ "ಏನಿಲ್ರಿ" ಎಂದ. ಸುಳ್ಳಲ್ಲ, ಎಲೆಯ ಎಣ್ಣೆಯನ್ನು ಅವನು ಔಷಧಿಯೆಂದೇ ಎಣಿಸಿರಲಿಲ್ಲ. ಸಿದ್ದಕ್ಕನೇ ನೆನಪಿಸಿಕೊಂಡು ರೂಮಿಗೆ ಹೋಗಿ ಸೀಸೆ ತಂದು ತೋರಿಸಿದಳು. ಡಾಕ್ಟರು ಮೂಸಿ ನೋಡಿ ಹಣೆ ಗಂಟಿಕ್ಕಿದರು.

"ಅಡುಗೆಗೆ ಒಂದೆಲೆ ಹಾಕಿದ್ರೆ ತೊಂದ್ರೆ ಇಲ್ಲಮ್ಮ. ಆದ್ರೆ ಇದು ರಾಶಿ ಎಲೆಯ ಸಾರ. ಹೊಟ್ಟೆಗೆ ತಗೊಳ್ಳೋದೇ ತಪ್ಪು. ನಿಮ್ಮ ಮಾತ್ರೆ ಹಾಗೆ ಇದೂ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. ಎರಡೂ ಸೇರಿದ್ರೆ ಹೀಗೇ ಆಗೋದು. ಹಾಗಂತ ನಾವು ಹೇಳದೆ ಮಾತ್ರೆ ನಿಲ್ಲಿಸಿಬಿಟ್ರೆ ಕವಾಟದಲ್ಲೇ ರಕ್ತ ಗಟ್ಟಿಯಾಗಿ ಜೀವ ಹೋಗುತ್ತೆ. ಬಸುರಿಯರಿಗಂತೂ ಈ ಎಣ್ಣೆ ಬೇಡವೇ ಬೇಡ. ಏನೇ ಮೂಲಿಕೆ ತಗೊಂಡ್ರೂ ಮೊದಲು ನಮಗೆ ಹೇಳಿ."

ಹಾಗಿರುವಾಗ ಗೋಡೆಯ ಮೇಲೆ ಈ ಮಾತು! ನೋಡಿದ ಯಾರೋ ಇನ್ನೊಬ್ಬ ಹೃದ್ರೋಗಿ ಇವತ್ತೇ ಮಾತ್ರೆ ಎಸೆದಿದ್ದರೆ?

ಭಾನುವಾರ ಅವಳು ಆಸ್ಪತ್ರೆಯಿಂದ ನೇರವಾಗಿ ಸಭೆಗೆ ಹೋದಳು. ಬೇಕರಿಯ ಮೇಲಿನ ಹಾಲ್ ತುಂಬ ಜನ. ಮುಂದಿನ ಸಾಲಿನಲ್ಲಿ ಅಶ್ವತ್ಥಮ್ಮ, ಪಕ್ಕದಲ್ಲಿ ವಸಂತನ ತುಂಬು ಬಸುರಿ ಹೆಂಡತಿ ಮಂಜುಶ್ರೀ. ವಸಂತ ಮೈಕಿನಲ್ಲಿ, "ನಮ್ಮ ಭರಮಪ್ಪಣ್ಣ ಇವತ್ತು ಬರೋಕಾಗಿಲ್ಲ, ಆದ್ರೆ ಅವರ ಆರೋಗ್ಯ..." ಎನ್ನುತ್ತಿದ್ದ.

ಸಿದ್ದಕ್ಕ ಎದ್ದು ನಿಂತಳು. ದಿನಾ 'ವಸಂತಣ್ಣಾರ' ಎನ್ನುತ್ತಿದ್ದ ಬಾಯಿ ಅಂದು ಅಣ್ಣನನ್ನು ಬಿಟ್ಟುಬಿಟ್ಟಿತು.

"ಎಲ್ಲಿ ಅದಾನ ಹೇಳು ವಸಂತ! ದವಾಖಾನ್ಯಾಗ ಬಿದ್ದಾನ, ಬಾಯಾಗ ರಕ್ತ ಸೋರ್ತದ. ಅವ ಗುಳಗಿ ಬಿಟ್ಟಾನ ಅಂತ ನಿನಗ ಯಾರು ಹೇಳಿದ್ರು?"

ವಸಂತ ಬೆವತ, ಆದರೂ ನಗು ಬಿಡಲಿಲ್ಲ. "ಅಕ್ಕಾ, ಗಾಬರಿಯಾಗ್ಬೇಡಿ. ಕೆಟ್ಟ ರಕ್ತ ಹೊರಗೆ ಹೋಗ್ತಿದೆ ಅಷ್ಟೆ. ಎಣ್ಣೆ ಕೆಲಸ ಮಾಡ್ತಿದೆ ಅಂತ ಅರ್ಥ."

"ಕೆಟ್ಟ ರಕ್ತ?" ಸಿದ್ದಕ್ಕನ ದನಿ ಹಾಲ್‌ಗೆಲ್ಲ ಕೇಳಿತು. "ಅಷ್ಟು ಚಲೋ ಇದ್ರ ನಿನ್ನ ಹೆಂಡ್ತಿಗಿ ಕುಡಿಸು. ಇಲ್ಲೇ, ಎಲ್ಲರ ಮುಂದ ಕುಡಿಸು!"

"ಅವಳಿಗೆ ಕೊಡಲ್ಲ. ಬಸುರಿಯರಿಗೆ ಕೊಡ್ಬೇಡಿ ಅಂತ ಟ್ರೈನಿಂಗ್‌ನಲ್ಲೇ..." ವಸಂತ ಅಲ್ಲಿಗೇ ನಿಲ್ಲಿಸಿದ.

ಮಂಜುಶ್ರೀ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಎದ್ದಳು. "ಟ್ರೈನಿಂಗ್‌ನಲ್ಲಿ ಇನ್ನೇನು ಹೇಳಿದ್ರು ರೀ? ರಕ್ತದ ಮಾತ್ರೆ ನುಂಗೋರ ಬಗ್ಗೆ?"

ವಸಂತ ಮೈಕು ಹಿಡಿದೇ ಮೇಜಿನ ಮೇಲಿನ ಸೀಸೆಗಳನ್ನು ಚೀಲಕ್ಕೆ ಸೇರಿಸತೊಡಗಿದ.

"ಅಂದ್ರ ನಿನಗ ಗೊತ್ತಿತ್ತು," ಎಂದಳು ಸಿದ್ದಕ್ಕ. "ನಿನ್ನ ಮನ್ಯಾಗಿನ ಜೀವಕ್ಕ ಬ್ಯಾಡ. ನಮ್ಮಂಥವರಾದ್ರ ನಡೀತದ, ಅಲ್ಲಾ?"

ಕುರ್ಚಿಗಳು ಕಿರ್ರೆಂದವು. ಅಶ್ವತ್ಥಮ್ಮ ವೇದಿಕೆ ಹತ್ತಿ ಮಗನ ಕೈಯಿಂದ ಮೈಕು ಕಿತ್ತುಕೊಂಡಳು. ಮೈಕಿನಲ್ಲಿ ಮಾತಾಡಿ ಗೊತ್ತಿಲ್ಲದ ಆಕೆ ಅದನ್ನು ಸೊಂಟದ ಬಳಿ ಹಿಡಿದೇ ಕೂಗಿದಳು: "ನಮ್ಮ ಮರದ ಯೆಸ್ರು ಯೇಳ್ಕಂಡು ಇಂಗಾ ಮಾಡೋದು ನೀನು? ನಡಿ! ಯಾರ್ಯಾರಿಗೆ ಕೊಟ್ಟಿದ್ದೀಯೋ ಅವರ ಮನೆಗೆಲ್ಲ ಈಗ್ಲೇ ನಡಿ. ಸಿದ್ದಕ್ಕ, ನೀನೂ ಬಾರವ್ವ. ಇವನು ಒಬ್ನೇ ಓದ್ರೆ ಅಲ್ಲೂ ಸುಳ್ಳು ಯೇಳ್ತಾನೆ."

ಹೋದರು. ಗೋಡೆಯ ಫೋಟೊವನ್ನು ವಸಂತನೇ ಉಗುರಿನಿಂದ ಕೆರೆದು ತೆಗೆದ. ಒಂದು ಮನೆಯಲ್ಲಿ ಮುದುಕಿ ಅಂಜಿನಮ್ಮ ಆ ಎಣ್ಣೆಯನ್ನು ಹಾಗೇ ಮಂಡಿಗೆ ತಿಕ್ಕಿಕೊಂಡಿದ್ದಕ್ಕೆ ಚರ್ಮ ಬೊಬ್ಬೆ ಎದ್ದಿತ್ತು. "ಉರಿದ್ರೆ ಒಳ್ಳೇದು ಅಂದ್ಯಲ್ಲಪ್ಪ," ಎಂದಳು ಪಾಪ. ವಸಂತ ನೆಲ ನೋಡಿದ. ಅವನನ್ನು ನೋಡಿ ಸಿದ್ದಕ್ಕನಿಗೆ ಕನಿಕರ ಬರಲಿಲ್ಲ.

ಭರಮಪ್ಪ ಚೇತರಿಸಿಕೊಂಡು ಮನೆಗೆ ಬಂದ. ನಡೆದದ್ದೆಲ್ಲ ಕೇಳಿ, "ಇರ್ಲಿ ಬಿಡು, ಸಣ್ಣಾಂವ, ತಿಳೀಲಿಲ್ಲ," ಎಂದ.

"ತಿಳೀಲಾರದೇ ಮಾಡಿದ್ರ ಬಿಡ್ತಿದ್ದೆ," ಎಂದಳು ಅವಳು.

ಬೊಮ್ಮಸಂದ್ರದಲ್ಲಿ ಬಾಗಿಲು ಹಾಕಿದ ಕಂಪನಿ ಮಹದೇವಪುರದಲ್ಲಿ ಇನ್ಯಾರದೋ ನಗುಮುಖ ಅಂಟಿಸಿ ಸಭೆ ಕರೆದಿದೆಯೆಂದು ಮಂಜುಶ್ರೀ ಬಂದು ಹೇಳಿದಳು. ಸಿದ್ದಕ್ಕ ಆರೋಗ್ಯ ಇಲಾಖೆಗೆ ಕೊಟ್ಟಿದ್ದ ದೂರಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಅವಳು ಗಂಡನಿಗೆ ಊಟ ಬಡಿಸಿ, ಮಾತ್ರೆ ಕೈಗಿಟ್ಟು, ಸೆರಗು ಸಿಕ್ಕಿಸಿಕೊಂಡು ಮಹದೇವಪುರದ ಬಸ್ಸು ಹತ್ತಿದಳು.